ಜಾಗದ ಮಣ್ಣು, ಬಾವಿಯ ನೀರು: ಕಾಸರಗೋಡಿನ ಹಳ್ಳಿಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಹೊಸ ಜಾಗ ತೆಗೆದುಕೊಳ್ಳುವವರು, ಹಳೆ ತೋಟದಲ್ಲಿ ಮನೆ ಕಟ್ಟುವವರು, ಇನ್ನೊಂದು ಬಾವಿ ತೋಡಿಸುವ ಯೋಚನೆಯಲ್ಲಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಪೈವಳಿಕೆ, ಕುಂಬಳೆ, ಉಪ್ಪಳದ ಕಡೆಯ ಜಾಗಗಳನ್ನು ಮನಸ್ಸಿನಲ್ಲಿಟ್ಟು ಉತ್ತರ ಬರೆದಿದ್ದೇನೆ.

ಜಾಗ ನೋಡಿ ಬಂದಿದ್ದೇವೆ, ಇಷ್ಟ ಆಗಿದೆ. ಮೊದಲು ಯಾವ ಟೆಸ್ಟ್ ಮಾಡಿಸಬೇಕು?

ಸದ್ಯಕ್ಕೆ ಯಾವುದೂ ಬೇಡ. ಮೊದಲು ಆ ಜಾಗದಲ್ಲಿ ಹಿಂದೆ ಏನೇನು ನಡೆದಿದೆ ಅಂತ ಕೇಳಿ ತಿಳಿದುಕೊಳ್ಳಿ.

ಲ್ಯಾಬಿನವರು ನೀವು ಹೇಳಿದ್ದನ್ನು ಮಾತ್ರ ಹುಡುಕುತ್ತಾರೆ. ಸಾಮಾನ್ಯ ನೀರಿನ ಟೆಸ್ಟ್ ಅಂದರೆ ಪಿಎಚ್ (ಹುಳಿಯ ಅಳತೆ), ಗಡಸುತನ, ಕಬ್ಬಿಣ, ಕ್ಲೋರೈಡ್, ನೈಟ್ರೇಟ್, ಬ್ಯಾಕ್ಟೀರಿಯಾ, ಹೀಗೆ ಕೆಲವು. ಜಾಗದ ಮೇಲ್ಗಡೆ ಕೀಟನಾಶಕದ ಗೋದಾಮು ಇದ್ದರೆ ಆ ಪಟ್ಟಿಯಲ್ಲಿ ಅದರ ಸುಳಿವು ಸಿಗುವುದಿಲ್ಲ. ರಿಪೋರ್ಟಿನಲ್ಲಿ ಎಲ್ಲವೂ 'ಮಿತಿಯೊಳಗೆ' ಅಂತ ಬರುತ್ತದೆ, ನಾವು ನಿಶ್ಚಿಂತೆಯಿಂದ ಕುಡಿಯುತ್ತೇವೆ. ಜಾಗದ ಹಿಂದಿನ ಕಥೆ ಗೊತ್ತಿದ್ದರೆ ಯಾವ ಟೆಸ್ಟ್ ಬೇಕು, ಯಾವುದು ಬೇಡ ಅಂತ ನೀವೇ ಹೇಳಬಹುದು. ದುಡ್ಡೂ ಉಳಿಯುತ್ತದೆ.

ಯಾರನ್ನು ಕೇಳುವುದು? ಏನಂತ ಕೇಳುವುದು?

ಮಾರುವವರನ್ನು ಕೇಳಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಆ ತೋಟದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಯಜಮಾನರಿಗಿಂತ ಜಾಸ್ತಿ ಗೊತ್ತಿರುತ್ತದೆ. ಅಡಿಕೆಗೆ ಮದ್ದು ಬಿಡುವವರು, ತೆಂಗಿನಕಾಯಿ ಕೀಳುವವರು, ಬಾವಿ ಕೆಸರು ತೆಗೆಯುವವರು, ನೆರೆಮನೆಯ ಹಿರಿಯ ಅಜ್ಜಿಯರು, ಇವರ ಹತ್ತಿರ ಕುಳಿತು ಮಾತಾಡಿ.

'ನೀರು ಚೆನ್ನಾಗಿದೆಯಾ' ಅಂತ ಕೇಳಿದರೆ 'ಚೆನ್ನಾಗಿದೆ' ಅನ್ನುವ ಉತ್ತರವೇ ಬರುತ್ತದೆ. ಅದರ ಬದಲು ಹೀಗೆ ಕೇಳಿ. ಮದ್ದು ಎಲ್ಲಿ ಕಲಸುತ್ತಿದ್ದಿರಿ? ಖಾಲಿ ಡಬ್ಬಗಳನ್ನು ಎಲ್ಲಿ ಹಾಕುತ್ತಿದ್ದಿರಿ? ಮುಚ್ಚಿದ ಹಳೆ ಬಾವಿ ಇದೆಯಾ, ಅದನ್ನು ಯಾವುದರಿಂದ ತುಂಬಿಸಿದರು? ಕಕ್ಕಸು ಗುಂಡಿ ಮೊದಲು ಎಲ್ಲಿತ್ತು, ಈಗ ಎಲ್ಲಿದೆ? ಗುಡ್ಡೆಯ ಮೇಲೆ ಯಾರ ಜಾಗ, ಅಲ್ಲಿ ಏನು ಬೆಳೆ? ಮಳೆಗಾಲದಲ್ಲಿ ತೋಡು ಯಾವ ಕಡೆ ಉಕ್ಕುತ್ತದೆ? ಬೇಸಗೆಯಲ್ಲಿ ನೀರಿನ ರುಚಿ, ಬಣ್ಣ ಬದಲಾಗುತ್ತದಾ?

ಹಳೆ ಬಾವಿಯ ಪ್ರಶ್ನೆಯನ್ನು ಮಾತ್ರ ಬಿಡಲೇಬೇಡಿ. ಬಳಕೆ ತಪ್ಪಿದ ಬಾವಿ ನೇರವಾಗಿ ಅಂತರ್ಜಲಕ್ಕೇ ಇಳಿಯುವ ದಾರಿ. ಅದಕ್ಕೆ ಬಿದ್ದದ್ದು ಮಣ್ಣಿನಲ್ಲಿ ಸೋಸುವುದೇ ಇಲ್ಲ. ನಮ್ಮ ಜಿಲ್ಲೆಯ ಮಿಂಚಿನಪದವಿನ ಗೇರು ಗುಡ್ಡೆಯ ಬಾವಿಯಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಹೂತಿದ್ದಾರೆ ಅನ್ನುವ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ತನಕ ಹೋಗಿತ್ತು. ಮುಚ್ಚಿದ ಬಾವಿಯೊಳಗೆ ಏನಿದೆ ಅನ್ನುವುದನ್ನು ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ. ಹಾಗಾಗಿ ಕೇಳಲೇಬೇಕು.

ಕಾಗದಪತ್ರಗಳಿಂದ ಏನಾದರೂ ತಿಳಿಯುತ್ತದಾ?

ಸ್ವಲ್ಪ ತಿಳಿಯುತ್ತದೆ. ಆಧಾರ (ಜಾಗದ ಕ್ರಯಪತ್ರ), ತೀರ್ವೆ (ಭೂಕಂದಾಯ) ರಶೀದಿ ನೋಡುವಾಗ ಜಾಗ ಗದ್ದೆಯೋ ಗುಡ್ಡೆಯೋ ಅಂತ ಗಮನಿಸಿ. ಗದ್ದೆ ಅಂತ ದಾಖಲೆಯಲ್ಲಿದ್ದು ಈಗ ಎತ್ತರದ ಸಪಾಟು ಜಾಗ ಆಗಿದ್ದರೆ ಯಾರೋ ಮಣ್ಣು ತುಂಬಿಸಿದ್ದಾರೆ ಅಂತ ಅರ್ಥ. ಕೇರಳದಲ್ಲಿ 2008ರ ಭತ್ತದ ಗದ್ದೆ ಮತ್ತು ತೇವಭೂಮಿ ಸಂರಕ್ಷಣಾ ಕಾನೂನು ಇದೆ, ಕಾನೂನಿನ ತೊಡಕು ಒಂದು ಕಡೆ. ಮಣ್ಣಿನ ತೊಡಕು ಇನ್ನೊಂದು ಕಡೆ: ತುಂಬಿಸಿದ್ದು ಒಳ್ಳೆ ಮಣ್ಣೋ, ಒಡೆದ ಕಟ್ಟಡದ ಕಸವೋ, ಪೇಟೆಯ ಕಸವೋ? ಎರಡು ಮೂರು ಕಡೆ ಒಂದಾಳು ಆಳ ಅಗೆಸಿ ನೋಡಿ. ಪ್ಲಾಸ್ಟಿಕ್, ಗಾಜು, ಕಪ್ಪು ಬೂದಿ, ಕೊಳೆತ ವಾಸನೆ ಸಿಕ್ಕಿದರೆ ಆ ಜಾಗದ ಬಾವಿಗೆ ಸೀಸ, ಆರ್ಸೆನಿಕ್‌ನಂಥ ಭಾರಲೋಹದ ಟೆಸ್ಟ್ ಮಾಡಿಸಲೇಬೇಕು.

ಗೂಗಲ್ ಅರ್ತ್‌ನಲ್ಲಿ ಹಳೆಯ ವರ್ಷಗಳ ಚಿತ್ರ ನೋಡುವ ಅವಕಾಶ ಇದೆ. ಈಗ ಹುಲ್ಲು ಬೆಳೆದ ಗುಂಡಿ ಹಿಂದೆ ಕಲ್ಲಿನ ಕೋರೆ ಆಗಿತ್ತಾ, ಗುಡ್ಡೆಯ ಮೇಲಿನ ಶೆಡ್ ಯಾವಾಗ ಬಂತು ಅಂತ ಅಲ್ಲಿ ಕಾಣುತ್ತದೆ. ಹತ್ತಿರ ಕೋರೆ, ಕ್ರಶರ್, ಫ್ಯಾಕ್ಟರಿ ಇದ್ದರೆ ಅದಕ್ಕೆ ಕೊಟ್ಟ ಅನುಮತಿಯ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾನೂನಿನಡಿ ಪಂಚಾಯತ್‌ನಲ್ಲಿ, ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಕೇಳಬಹುದು.

ನಮ್ಮದು ಮುರಕಲ್ಲಿನ ಜಾಗ. ಕಲ್ಲಿನಲ್ಲಿ ಸೋಸಿ ಬರುವ ನೀರು ಶುದ್ಧ ಅಲ್ವಾ?

ಈ ನಂಬಿಕೆ ನಮ್ಮಲ್ಲಿ ತುಂಬಾ ಗಟ್ಟಿ. ಆದರೆ ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು, ಮರಳಿನ ಹಾಗೆ ನೀರನ್ನು ನಿಧಾನವಾಗಿ ಸೋಸುವುದಿಲ್ಲ. ಕಡಿದ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿ, ಉದ್ದಕ್ಕೂ ತೂತು, ಕೊಳವೆ. ಮಳೆನೀರು ಆ ದಾರಿಯಲ್ಲಿ ಸರಸರ ಇಳಿಯುತ್ತದೆ. ಕೆಳಗೆ ಜೇಡಿ ಮಣ್ಣಿನ ಪದರ ಸಿಕ್ಕಿದಾಗ ಮುಂದೆ ಇಳಿಯಲಾಗದೆ ಅದರ ಮೇಲೆ ಅಡ್ಡಕ್ಕೆ ಹರಿಯುತ್ತದೆ. ಜೇಡಿಯ ಕೆಳಗೆ ಗಟ್ಟಿ ಬಂಡೆ. ನಮ್ಮ ತೆರೆದ ಬಾವಿಗಳಿಗೂ ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ತೋಡಿದ ಸುರಂಗಗಳಿಗೂ ಮುಖ್ಯವಾಗಿ ಈ ಜೇಡಿಯ ಮೇಲಿನ ನೀರೇ ಆಧಾರ.

ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜೂನ್ ಕೊನೆಗೆ ಬಾವಿ ಕಟ್ಟೆಯ ತನಕ ತುಂಬುತ್ತದೆ, ಮಾರ್ಚ್‌ಗೆ ತಳ ಕಾಣುತ್ತದೆ. ಇಷ್ಟು ಬೇಗ ತುಂಬುವ ಬಾವಿಗೆ ಮೇಲಿನ ಕೊಳೆಯೂ ಅಷ್ಟೇ ಬೇಗ ಬರುತ್ತದೆ. ಮೇಲಿನ ಮಣ್ಣಿನ ಪದರ ತೆಳುವಾಗಿದ್ದರಂತೂ ತಡೆಯುವುದಕ್ಕೆ ಏನೂ ಇಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಸೆಪ್ಟಿಕ್ ಟ್ಯಾಂಕಿನ ಇಂಗುಗುಂಡಿ ಬರುವ ಜಾಗದಲ್ಲಿ ಒಂದಡಿ ಅಗಲ, ಎರಡಡಿ ಆಳದ ಗುಂಡಿ ತೆಗೆಯಿರಿ. ಹಿಂದಿನ ದಿನ ಒಮ್ಮೆ ನೀರು ತುಂಬಿಸಿ ಮಣ್ಣು ನೆನೆಯಲು ಬಿಡಿ. ಮರುದಿನ ಮತ್ತೆ ತುಂಬಿಸಿ ಅರ್ಧ ಗಂಟೆಯಲ್ಲಿ ಎಷ್ಟು ಇಳಿಯಿತು ಅಂತ ಅಳೆಯಿರಿ. ನೋಡನೋಡುತ್ತಾ ಖಾಲಿಯಾದರೆ 'ಒಳ್ಳೆ ಜಾಗ, ಗುಂಡಿ ತುಂಬುವುದೇ ಇಲ್ಲ' ಅಂತ ಖುಷಿಪಡುತ್ತಾರೆ. ಬಾವಿಯ ಲೆಕ್ಕದಲ್ಲಿ ಅದು ಒಳ್ಳೆಯ ಸುದ್ದಿ ಅಲ್ಲ.

ಬಾವಿಗೂ ಸೆಪ್ಟಿಕ್ ಟ್ಯಾಂಕಿಗೂ ಎಷ್ಟು ದೂರ ಬೇಕು?

ಕೇರಳದ ಕಟ್ಟಡ ನಿಯಮದಲ್ಲಿ 7.5 ಮೀಟರ್ ಇದೆ. ಅದು ಕನಿಷ್ಠ. ಮುರಕಲ್ಲಿನ ಇಳಿಜಾರಿನಲ್ಲಿ ಗುಂಡಿ ಮೇಲೆ, ಬಾವಿ ಕೆಳಗೆ ಇದ್ದರೆ ಅಷ್ಟು ದೂರ ಸಾಲದು ಅಂತ ನನ್ನ ಅಭಿಪ್ರಾಯ. ಸಾಧ್ಯವಿದ್ದಷ್ಟು ದೂರ ಇಡಿ, ಗುಂಡಿ ಬಾವಿಗಿಂತ ತಗ್ಗಿನಲ್ಲಿರಲಿ. ನೆರೆಮನೆಯ ಗುಂಡಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಹತ್ತು ಸೆಂಟ್ಸ್ ಜಾಗಗಳಲ್ಲಿ ನಮ್ಮ ಬಾವಿಗೆ ಅಪಾಯ ಇರುವುದು ಹೆಚ್ಚಾಗಿ ಪಕ್ಕದ ಜಾಗದಿಂದಲೇ. ಹಟ್ಟಿ, ಗೊಬ್ಬರದ ಗುಂಡಿ, ಗೋಬರ್ ಗ್ಯಾಸಿನ ಸ್ಲರಿ ಹೊಂಡಕ್ಕೂ ಇದೇ ಮಾತು.

ಬಾವಿಗೆ ನೀರು ಯಾವ ಕಡೆಯಿಂದ ಬರುತ್ತದೆ ಅಂತ ಹೇಗೆ ತಿಳಿಯುವುದು?

ನನಗೆ ಕೇಳಿದರೆ ಇಡೀ ಪುಟದಲ್ಲಿ ಇದೇ ದೊಡ್ಡ ಪ್ರಶ್ನೆ. ಇದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಗುಡ್ಡೆ ಪ್ರದೇಶದಲ್ಲಿ ಅಂತರ್ಜಲ ಸಾಮಾನ್ಯವಾಗಿ ನೆಲದ ಇಳಿಜಾರನ್ನೇ ಹಿಡಿದು ತೋಡಿನ ಕಡೆ ಹೋಗುತ್ತದೆ. ಹಾಗಾಗಿ ಬಾವಿಯ ಹತ್ತಿರ ನಿಂತು ಮೇಲ್ಗಡೆ ನೋಡಿ. ಕಾಣುವುದೆಲ್ಲವೂ ನಿಮ್ಮ ನೀರಿಗೆ ಸಂಬಂಧಪಟ್ಟದ್ದು: ರಬ್ಬರ್ ತೋಟ, ಕೋಳಿ ಫಾರಂ, ವರ್ಕ್‌ಶಾಪ್, ಮನೆಗಳು. ತಗ್ಗಿನ ಕಡೆ ಇರುವುದಕ್ಕೆ ಅಷ್ಟು ಹೆದರಬೇಕಾಗಿಲ್ಲ. ಆದರೆ ದೊಡ್ಡ ಪಂಪು ದಿನವಿಡೀ ಎಳೆಯುತ್ತಿದ್ದರೆ ಹತ್ತಿರದ ನೀರಿನ ದಾರಿ ಪಂಪಿನ ಕಡೆ ತಿರುಗುವುದುಂಟು.

ಬೈಲಿನ ಸಪಾಟು ಜಾಗದಲ್ಲಿ ಕಣ್ಣಂದಾಜು ಸಾಲದು. ಅಲ್ಲಿ ಮೂರು ಬಾವಿಗಳನ್ನು ಆರಿಸಿಕೊಳ್ಳಿ. ಒಂದೇ ಸಾಲಿನಲ್ಲಿ ಇರಬಾರದು, ತ್ರಿಕೋನದ ಹಾಗೆ ಇರಬೇಕು. ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ನೀರು ತುಂಬಿದ ಟ್ಯೂಬ್ ಹಿಡಿದು ಮೂರೂ ಬಾವಿಕಟ್ಟೆಗಳ ಮೇಲೆ ಒಂದೇ ಮಟ್ಟದ ಗುರುತು ಹಾಕಿ. ದೂರ ಇದ್ದರೆ ನಡುವೆ ಗೂಟ ಹೊಡೆದು ಹಂತ ಹಂತವಾಗಿ ಮಟ್ಟ ಒಯ್ಯಬಹುದು. ಆಮೇಲೆ ಬೆಳಗ್ಗೆ ಯಾರೂ ಪಂಪು ಹಾಕುವ ಮೊದಲು, ಒಂದೇ ದಿನ, ಗುರುತಿನಿಂದ ನೀರಿನ ತನಕ ಟೇಪ್ ಇಳಿಸಿ ಅಳೆಯಿರಿ. ಯಾವ ಬಾವಿಯಲ್ಲಿ ಅಳತೆ ಕಡಿಮೆಯೋ ಅಲ್ಲಿ ನೀರು ಎತ್ತರದಲ್ಲಿದೆ, ಜಾಸ್ತಿ ಇರುವಲ್ಲಿ ತಗ್ಗಿನಲ್ಲಿದೆ. ಎತ್ತರದಿಂದ ತಗ್ಗಿಗೆ ನೀರು ಹೋಗುತ್ತಿದೆ ಅಂತ ತಿಳಿಯಬಹುದು. ಬೇಸಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಅಳೆದರೆ ಇನ್ನೂ ಒಳ್ಳೆಯದು.

ಸುರಂಗದ ನೀರಿಗೂ ಟೆಸ್ಟ್ ಬೇಕಾ?

ಬೇಕು. ಸುರಂಗ ನಮ್ಮ ಹಿರಿಯರು ಗುಡ್ಡೆಯನ್ನು ಓದಿ ತೋಡಿದ್ದು, ಕರೆಂಟು ಬೇಡ, ಪಂಪು ಬೇಡ, ಬೇಸಗೆಯಲ್ಲೂ ಸಣ್ಣಗೆ ಹರಿಯುತ್ತಿರುತ್ತದೆ. ಬಾಯಾರು, ಪೈವಳಿಕೆ, ಎಣ್ಮಕಜೆಯ ಎಷ್ಟೋ ಮನೆಗಳು ಅದರಿಂದಲೇ ಉಳಿದಿವೆ. ಅದಕ್ಕಾಗಿಯೇ ಜಾಸ್ತಿ ಜಾಗ್ರತೆ ಬೇಕು. ಸುರಂಗಕ್ಕೆ ನೀರು ಕೊಡುವುದು ಅದರ ತಲೆಯ ಮೇಲಿನ ಗುಡ್ಡೆ. ಬಾಯಿಯ ಹತ್ತಿರ ಎಷ್ಟು ಶುಚಿಯಾಗಿದ್ದರೂ ಗುಡ್ಡೆಯ ತಲೆಯಲ್ಲಿ ಕಳೆಮದ್ದು ಹೊಡೆದರೆ ಅದು ಒಳಗೆ ಇಳಿಯಬಹುದು. ಸುರಂಗದೊಳಗೆ ಬಾವಲಿಗಳು ಸೇರಿಕೊಂಡಿದ್ದರೆ ಬ್ಯಾಕ್ಟೀರಿಯಾ ಟೆಸ್ಟ್ ಕೂಡ ಮಾಡಿಸಿ. ಸ್ಯಾಂಪಲನ್ನು ಸುರಂಗದ ಬಾಯಿಯಲ್ಲಿ ಹರಿಯುವ ನೀರಿನಿಂದ ಒಮ್ಮೆ, ಟ್ಯಾಂಕಿನಿಂದ ಒಮ್ಮೆ ತೆಗೆಯಿರಿ. ಬಾಯಿಯ ನೀರು ಚೆನ್ನಾಗಿದ್ದು ಟ್ಯಾಂಕಿನದ್ದು ಮಾತ್ರ ಕೆಟ್ಟಿದ್ದರೆ ತೊಂದರೆ ಗುಡ್ಡೆಯದ್ದಲ್ಲ, ಟ್ಯಾಂಕಿನದ್ದು.

ನಾವು ನೋಡಿದ ಜಾಗದ ಮೇಲೆ ಗೇರು ತೋಟ ಇದೆ. ಎಂಡೋಸಲ್ಫಾನ್ ಈಗಲೂ ಇರುತ್ತದಾ?

ಈ ಪ್ರಶ್ನೆ ಕೇಳುವವರ ದನಿಯಲ್ಲಿ ಭಯ ಇರುತ್ತದೆ. ಆ ಭಯಕ್ಕೆ ಕಾರಣ ಇದೆ. ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಕೆಳಗೆ ಮನೆ, ಬಾವಿ, ಸುರಂಗ, ತೋಡು ಎಲ್ಲವೂ ಇದ್ದವು. ಎಣ್ಮಕಜೆಯ ಪಡ್ರೆ, ಸ್ವರ್ಗ ಅನ್ನುವ ಊರುಗಳ ಜನ ಅನುಭವಿಸಿದ್ದನ್ನು ಊರು ಇನ್ನೂ ಅನುಭವಿಸುತ್ತಲೇ ಇದೆ. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಅದನ್ನು ಜಗತ್ತಿನ ನಿಷೇಧದ ಪಟ್ಟಿಗೆ ಸೇರಿಸಿದರು. ಮೇ 13ರಂದು ಸುಪ್ರೀಂ ಕೋರ್ಟ್ ಭಾರತದಲ್ಲಿ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತ ಅದೇ ಕೋರ್ಟ್ ಕೇರಳ ಸರಕಾರಕ್ಕೆ ಹೇಳಿತು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಎಂಡೋಸಲ್ಫಾನ್ ನೀರಿನಲ್ಲಿ ಕರಗುವುದು ತುಂಬಾ ಕಡಿಮೆ. ಮಣ್ಣಿನ ಕಣಕ್ಕೆ, ಕೊಳೆತ ಎಲೆಯ ಅಂಶಕ್ಕೆ ಅಂಟಿಕೊಳ್ಳುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಎಂಡೋಸಲ್ಫಾನ್ ಸಲ್ಫೇಟ್ ಆಗಿ ಬದಲಾಯಿಸುತ್ತವೆ. ಅದೂ ವಿಷವೇ, ಮೂಲದ್ದಕ್ಕಿಂತ ಜಾಸ್ತಿ ಕಾಲ ಉಳಿಯುತ್ತದೆ. ಸಿಂಪಡಣೆ ನಿಂತು ಎರಡು ದಶಕ ದಾಟಿದ ಮೇಲೆ, ತಿಳಿಯಾದ ಬಾವಿ ನೀರಿನಲ್ಲಿ ಅದು ಸಿಗುವ ಸಾಧ್ಯತೆ ಕಡಿಮೆ. ಹುಡುಕುವುದಾದರೆ ಹೂಳಿನಲ್ಲಿ ಹುಡುಕಬೇಕು. ಹಳೆ ಕೆರೆಯ, ಮದಕದ ತಳದ ಕೆಸರು, ಮದ್ದು ಕಲಸುತ್ತಿದ್ದ ಜಾಗದ ಮಣ್ಣು, ಡಬ್ಬ ಇಟ್ಟಿದ್ದ ಶೆಡ್ಡಿನ ನೆಲ ಮುಖ್ಯ.

ಲ್ಯಾಬಿಗೆ ಹೇಳುವಾಗ 'ಎಂಡೋಸಲ್ಫಾನ್ ಆಲ್ಫಾ, ಬೀಟಾ, ಸಲ್ಫೇಟ್ ಮೂರೂ ನೋಡಿ' ಅಂತ ಬರೆದು ಕೊಡಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಇದಕ್ಕೆ ಮಿತಿ ಲೀಟರಿಗೆ 0.4 ಮೈಕ್ರೋಗ್ರಾಂ. ನಿಮ್ಮ ಲ್ಯಾಬಿನ ಯಂತ್ರ ಅದಕ್ಕಿಂತ ಕಡಿಮೆ ಪ್ರಮಾಣವನ್ನು ಗುರುತಿಸುತ್ತದಾ ಅಂತ ಮೊದಲೇ ಕೇಳಿ. ಯಂತ್ರಕ್ಕೆ 1 ಮೈಕ್ರೋಗ್ರಾಂ ಕೆಳಗೆ ಕಾಣದಿದ್ದರೆ 'ಪತ್ತೆಯಾಗಿಲ್ಲ' ಅನ್ನುವ ರಿಪೋರ್ಟಿಗೆ ಬೆಲೆ ಇಲ್ಲ.

ಕಳೆಮದ್ದಿನ ಬಗ್ಗೆಯೂ ಇದೇ ಟೆಸ್ಟ್ ಸಾಕಾ?

ಸಾಕಾಗುವುದಿಲ್ಲ. ಗ್ಲೈಫೋಸೇಟ್ ಅನ್ನುವ ಕಳೆಮದ್ದನ್ನು ಕೇರಳ 2019ರಲ್ಲಿ ನಿಷೇಧಿಸಿದೆ, ಆದರೂ ಅದಕ್ಕೆ ಮೊದಲು ರಬ್ಬರಿಗೆ, ತೋಟಕ್ಕೆ ವರ್ಷಗಟ್ಟಲೆ ಬಳಸಿದ ಜಾಗಗಳಿವೆ. ಹಲವು ಕೀಟನಾಶಕಗಳನ್ನು ಒಟ್ಟಿಗೆ ನೋಡುವ ಸಾಮಾನ್ಯ ಟೆಸ್ಟಿನಲ್ಲಿ ಗ್ಲೈಫೋಸೇಟ್ ಕಾಣುವುದಿಲ್ಲ. ಪ್ಯಾರಾಕ್ವಾಟ್ ಅನ್ನುವ ಕಳೆಮದ್ದು ಕೂಡ ಹಾಗೆಯೇ. ಎರಡಕ್ಕೂ ಬೇರೆ ವಿಧಾನ ಬೇಕು. ಯಾವ ಮದ್ದು ಹೊಡೆದಿದ್ದರು ಅಂತ ಹೆಸರು ಗೊತ್ತಿದ್ದರೆ ಮಾತ್ರ ಇದಕ್ಕೆ ದುಡ್ಡು ಹಾಕಿ.

ಅಡಿಕೆಗೆ ವರ್ಷವೂ ಬೋರ್ಡೋ ಬಿಡುತ್ತೇವೆ. ಮಣ್ಣು ಹಾಳಾಗುತ್ತದಾ?

ಅಡಿಕೆ ಕೊಳೆಯುವ ಮಹಾಳಿ ರೋಗಕ್ಕೆ ಅದು ಬೇಕೇ ಬೇಕು, ನಿಲ್ಲಿಸಿ ಅಂತ ಹೇಳುವುದಿಲ್ಲ. ಶೇಕಡಾ 1ರ ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮೈಲುತುತ್ತಿನಲ್ಲಿ ತಾಮ್ರ ಇದೆ. ತಾಮ್ರ ಕರಗಿ ಮಾಯ ಆಗುವುದಿಲ್ಲ, ಕೊಳೆಯುವುದಿಲ್ಲ. ತಲೆಮಾರುಗಳಿಂದ ಬಿಟ್ಟದ್ದು ತೋಟದ ಮೇಲಿನ ಕೆಲವು ಇಂಚು ಮಣ್ಣಿನಲ್ಲೇ ಸೇರುತ್ತಾ ಹೋಗುತ್ತದೆ. ಕೊಳೆತ ಎಲೆಯ ಅಂಶಕ್ಕೆ ಗಟ್ಟಿಯಾಗಿ ಅಂಟುವುದರಿಂದ ಬಾವಿಗೆ ಇಳಿಯುವುದು ಕಡಿಮೆ. ತೊಂದರೆ ಎರೆಹುಳಕ್ಕೆ, ಬೇರಿಗೆ, ಎಳೆ ಸಸಿಗೆ.

ನಮ್ಮ ಮುರಮಣ್ಣು ಮೊದಲೇ ಹುಳಿ. ಹುಳಿ ಜಾಸ್ತಿಯಾದಷ್ಟು ತಾಮ್ರ ಸಡಿಲಗೊಂಡು ಗಿಡಕ್ಕೆ ಸಿಗುತ್ತದೆ. ಮಣ್ಣು ಟೆಸ್ಟ್ ಮಾಡಿಸಿ ಪಿಎಚ್ ನೋಡಿ ಸುಣ್ಣ ಹಾಕಿದರೆ, ಹಟ್ಟಿಗೊಬ್ಬರ ಸೊಪ್ಪು ಚೆನ್ನಾಗಿ ಕೊಟ್ಟರೆ ಅದು ಹಿಡಿತದಲ್ಲಿರುತ್ತದೆ. ಹಳೆ ಅಡಿಕೆ ತೋಟ ತೆಗೆದು ತರಕಾರಿ ಬೆಳೆಯುವವರು ತಾಮ್ರದ ಅಂಕಿಯನ್ನು ಮೊದಲು ನೋಡಲಿ. ಮೈಲುತುತ್ತು ಕಲಸುವ ತೊಟ್ಟಿ ಬಾವಿಕಟ್ಟೆಯ ಹತ್ತಿರ ಇದ್ದರೆ ಇವತ್ತೇ ದೂರ ಮಾಡಿ.

ನಮ್ಮಲ್ಲಿ ಸಾಯಿಲ್ ಹೆಲ್ತ್ ಕಾರ್ಡ್ ಇದೆ. ಅದು ಸಾಕಲ್ವಾ?

ಬೆಳೆಗೆ ಸಾಕು. 2015ರಲ್ಲಿ ಶುರುವಾದ ಈ ಕಾರ್ಡಿನಲ್ಲಿ 12 ಅಂಶ ಇರುತ್ತವೆ: ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಪಿಎಚ್, ಲವಣಾಂಶ, ಸಾವಯವ ಇಂಗಾಲ. ಕೀಟನಾಶಕ ಇಲ್ಲ, ಸೀಸ ಇಲ್ಲ, ಆರ್ಸೆನಿಕ್ ಇಲ್ಲ, ಡೀಸೆಲ್ ಇಲ್ಲ. ಗೊಬ್ಬರ ಎಷ್ಟು ಹಾಕಬೇಕು ಅಂತ ತಿಳಿಯಲು ಮಾಡಿದ ಕಾರ್ಡ್ ಅದು. ಮಣ್ಣಿನಲ್ಲಿ ವಿಷ ಇಲ್ಲ ಅನ್ನುವುದಕ್ಕೆ ಸಾಕ್ಷಿ ಅಲ್ಲ.

ಮಣ್ಣಿನ ಸ್ಯಾಂಪಲ್ ತೆಗೆಯುವುದು ಹೇಗೆ?

ಬೆಳೆಗಾಗಿ ತೆಗೆಯುವುದಾದರೆ ತೋಟದಲ್ಲಿ ಅಂಕುಡೊಂಕಾಗಿ ನಡೆದು 10–15 ಕಡೆ ತೆಗೆದು ಬೆರೆಸಿ ಅರ್ಧ ಕಿಲೋ ಉಳಿಸಬೇಕು. ಗೊಬ್ಬರ ಹಾಕಿ ಮೂರು ತಿಂಗಳಾದರೂ ಆಗಿರಲಿ. ಗದ್ದೆ, ತರಕಾರಿಗೆ 15 ಸೆಂಟಿಮೀಟರ್ ಆಳ ಸಾಕು. ಅಡಿಕೆ, ತೆಂಗಿಗೆ ಬೇರು ಇರುವ ಆಳದ ತನಕ ಹೋಗಬೇಕು. ನೆರಳಿನಲ್ಲಿ ಒಣಗಿಸಿ ಕೊಡಿ.

ವಿಷ ಹುಡುಕುವಾಗ ಈ ಕ್ರಮ ತಲೆಕೆಳಗು. ಎಲ್ಲಾ ಕಡೆಯ ಮಣ್ಣು ಬೆರೆಸಿದರೆ ಕೆಟ್ಟ ಜಾಗದ ಅಂಕಿ ಒಳ್ಳೆ ಜಾಗದ ಮಣ್ಣಿನಲ್ಲಿ ಮುಳುಗಿ ಹೋಗುತ್ತದೆ. ಹಾಗಾಗಿ ಅನುಮಾನ ಇರುವ ಜಾಗದ್ದು ಬೇರೆ ಪೊಟ್ಟಣ, ಏನೂ ಆಗಿರದ ಜಾಗದ್ದು ಬೇರೆ ಪೊಟ್ಟಣ. ಎರಡನ್ನೂ ಹೋಲಿಸಿ ನೋಡಿದಾಗಲೇ ಅಂಕಿಗೆ ಅರ್ಥ ಬರುತ್ತದೆ. ಮುರಮಣ್ಣಿನಲ್ಲಿ ಕಬ್ಬಿಣ ಜಾಸ್ತಿ ಇರುವುದು ಸಹಜ, ಹೋಲಿಸದಿದ್ದರೆ ಸುಮ್ನೆ ಗಾಬರಿ ಆಗುತ್ತದೆ. ಕೀಟನಾಶಕದ ಟೆಸ್ಟಿಗೆ ಮಣ್ಣನ್ನು ಬಿಸಿಲಿಗೆ ಹಾಕಬೇಡಿ, ಪ್ಲಾಸ್ಟಿಕ್ ಚೀಲ ಬೇಡ. ಗಾಜಿನ ಬಾಟಲಿಯಲ್ಲಿ ಹಾಕಿ ಐಸ್ ಇಟ್ಟ ಪೆಟ್ಟಿಗೆಯಲ್ಲಿ ಒಯ್ಯಿರಿ.

ನೀರಿನ ಸ್ಯಾಂಪಲ್?

ಬಾಟಲಿಯನ್ನು ಲ್ಯಾಬಿನಿಂದಲೇ ಕೇಳಿ ತನ್ನಿ. ಬ್ಯಾಕ್ಟೀರಿಯಾಕ್ಕೆ ಕ್ರಿಮಿಶುದ್ಧ ಮಾಡಿದ ಬಾಟಲಿ, ಕೀಟನಾಶಕಕ್ಕೆ ಕಂದು ಗಾಜಿನ ಬಾಟಲಿ. ಭಾರಲೋಹಕ್ಕೆ ಆಸಿಡ್ ಹನಿ ಹಾಕಿದ ಬಾಟಲಿ ಕೊಡುತ್ತಾರೆ, ಅದನ್ನು ತೊಳೆಯಬಾರದು. ತಂಪು ಪಾನೀಯದ ಹಳೆ ಬಾಟಲಿಯಲ್ಲಿ ಒಯ್ದ ನೀರಿನ ರಿಪೋರ್ಟನ್ನು ನಂಬಬೇಡಿ.

ಬೋರ್ ಆದರೆ ಪಂಪು ಹತ್ತು ಹದಿನೈದು ನಿಮಿಷ ಓಡಲಿ, ಪೈಪಿನಲ್ಲಿ ನಿಂತ ನೀರು ಹೊರಗೆ ಹೋಗಲಿ. ಬ್ಯಾಕ್ಟೀರಿಯಾ ಸ್ಯಾಂಪಲ್ ಆದಷ್ಟು ಬೇಗ ಲ್ಯಾಬಿಗೆ ಮುಟ್ಟಬೇಕು. ಆರು ಗಂಟೆಯೊಳಗೆ ಆದರೆ ಒಳ್ಳೆಯದು, ಐಸಿನಲ್ಲಿಟ್ಟರೂ 24 ಗಂಟೆ ದಾಟಬಾರದು. ಬೆಳ್ಳೂರಿನಿಂದ, ದೇಲಂಪಾಡಿಯಿಂದ ಒಯ್ಯುವವರು ಬೆಳಗ್ಗಿನ ಬಸ್ಸಿಗೇ ಹೊರಡಿ, ಶನಿವಾರ ತೆಗೆಯಬೇಡಿ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಕೆಲವು ದಿನ ಬಿಟ್ಟು ತೆಗೆಯಿರಿ.

ಯಾವ ತಿಂಗಳಲ್ಲಿ ಮಾಡಿಸಬೇಕು?

ಒಂದೇ ಸಲ ಮಾಡಿಸುವುದಾದರೆ ಮಳೆ ಹಿಡಿದ ಮೊದಲ ಒಂದೆರಡು ವಾರದಲ್ಲಿ ಮಾಡಿಸಿ. ಬೇಸಗೆಯಿಡೀ ನೆಲದ ಮೇಲೆ ಸೇರಿದ್ದೆಲ್ಲ ಆಗ ಬಾವಿಗೆ ಇಳಿಯುತ್ತದೆ, ಬ್ಯಾಕ್ಟೀರಿಯಾ, ನೈಟ್ರೇಟ್ ಇದ್ದರೆ ಕಾಣುತ್ತದೆ. ಎರಡನೇ ಸಲ ಏಪ್ರಿಲ್ ಕೊನೆಗೆ. ನೀರು ಕಡಿಮೆಯಾದಾಗ ಲವಣ, ಲೋಹದ ಅಂಶ ಎದ್ದು ಕಾಣುತ್ತದೆ. ಜಾಗ ಮಾರುವವರು ತೋರಿಸುವ ರಿಪೋರ್ಟಿನಲ್ಲಿ ತಾರೀಕು ನೋಡಿ. ನವೆಂಬರ್, ಡಿಸೆಂಬರಿನ ರಿಪೋರ್ಟ್ ಅಂದರೆ ಬಾವಿ ಅತ್ಯಂತ ಚೆನ್ನಾಗಿರುವ ಕಾಲದ್ದು.

ರಿಪೋರ್ಟ್ ಬಂತು. ಯಾವ ಅಂಕಿಗೆ ಹೆದರಬೇಕು, ಯಾವುದಕ್ಕೆ ಬೇಡ?

ಈ. ಕೋಲಿ: 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು. ಇದ್ದರೆ ಮನುಷ್ಯರ ಅಥವಾ ದನಕರುಗಳ ಮಲ ನೀರಿಗೆ ಸೇರುತ್ತಿದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ನೈಟ್ರೇಟ್: ಲೀಟರಿಗೆ 45 ಮಿಲಿಗ್ರಾಂ ಮಿತಿ, ಇದಕ್ಕೆ ಸಡಿಲಿಕೆಯೇ ಇಲ್ಲ. ಆರು ತಿಂಗಳೊಳಗಿನ ಮಗುವಿಗೆ ಮಿತಿ ದಾಟಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ರಕ್ತ ಆಮ್ಲಜನಕ ಒಯ್ಯುವುದು ಕುಂದಿ ಮಗು ನೀಲಿಗಟ್ಟಬಹುದು. ಮಿತಿಗಿಂತ ಕಡಿಮೆಯೇ ಇದ್ದರೂ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಗೊಬ್ಬರ ಅಥವಾ ಗುಂಡಿ ಕಾರಣ ಅಂತ ತಿಳಿಯಿರಿ.

ಪಿಎಚ್: 6.5ರಿಂದ 8.5 ಇರಬೇಕು. ಇಲ್ಲಿನ ಮುರಕಲ್ಲಿನ ಬಾವಿಗಳಲ್ಲಿ 6ಕ್ಕಿಂತ ಕಡಿಮೆ ಬರುವುದು ಸಾಮಾನ್ಯ, ಮಣ್ಣಿನ ಗುಣ ಅದು. ಆದರೆ ಹುಳಿ ನೀರು ಪೈಪು, ನಲ್ಲಿಗಳ ಲೋಹವನ್ನು ಸ್ವಲ್ಪ ಸ್ವಲ್ಪ ಕರಗಿಸುತ್ತದೆ. ರಾತ್ರಿಯಿಡೀ ಪೈಪಿನಲ್ಲಿ ನಿಂತ ಮೊದಲ ನೀರನ್ನು ಕುಡಿಯಲು ಹಿಡಿಯಬೇಡಿ.

ಸೀಸ, ಆರ್ಸೆನಿಕ್: ಎರಡಕ್ಕೂ ಲೀಟರಿಗೆ 0.01 ಮಿಲಿಗ್ರಾಂ. ಮಿತಿ ದಾಟಿದರೆ ಇನ್ನೊಂದು ಲ್ಯಾಬಿನಲ್ಲಿ ಮತ್ತೆ ಮಾಡಿಸಿ, ಅಷ್ಟರ ತನಕ ಆ ನೀರು ಅಡುಗೆಗೂ ಬೇಡ.

ಫ್ಲೋರೈಡ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಆಂಧ್ರದ ಅನಂತಪುರ, ರಾಯದುರ್ಗದ ಕಡೆಯ ಬೋರ್‌ಗಳಿಗೆ ಅದು ದೊಡ್ಡ ಪೀಡೆ. ನಮ್ಮ ತೆರೆದ ಬಾವಿಗೆ ಅದು ಮೊದಲ ಚಿಂತೆ ಅಲ್ಲ.

ನೀರಿನ ಮೇಲೆ ಎಣ್ಣೆಯ ಹಾಗೆ ಪಸೆ ಕಾಣುತ್ತದೆ. ಡೀಸೆಲ್ ಇರಬಹುದಾ?

ಒಂದು ಕಡ್ಡಿಯಿಂದ ಪಸೆಯನ್ನು ಕೆದಕಿ. ಒಡೆದು ಚೂರು ಚೂರಾಗಿ ಹಾಗೇ ನಿಂತರೆ ಕಬ್ಬಿಣದ ಬ್ಯಾಕ್ಟೀರಿಯಾ, ಮುರಕಲ್ಲಿನ ಜಾಗದಲ್ಲಿ ಮಾಮೂಲು. ಬಟ್ಟೆ, ಪಾತ್ರೆ ಕೆಂಪಾಗುತ್ತದೆ, ವಿಷ ಅಲ್ಲ. ಒಡೆದದ್ದು ಮತ್ತೆ ಕೂಡಿಕೊಂಡರೆ, ಪೆಟ್ರೋಲ್, ಡೀಸೆಲ್ ವಾಸನೆ ಬಂದರೆ ಆ ನೀರು ಬಳಸಬೇಡಿ. ಮೇಲ್ಗಡೆ ಬಂಕ್, ವರ್ಕ್‌ಶಾಪ್, ಜನರೇಟರ್ ಎಲ್ಲಿದೆ ನೋಡಿ ಪಂಚಾಯತ್‌ಗೆ ಬರೆದು ಕೊಡಿ.

ಈ. ಕೋಲಿ ಇದೆ ಅಂತ ಬಂದಿದೆ. ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು?

ಕಣ್ಣಳತೆಯಲ್ಲಿ ಹಾಕಬೇಡಿ, ಲೆಕ್ಕ ಸುಲಭ. ಸಾಮಾನ್ಯವಾಗಿ 1,000 ಲೀಟರಿಗೆ 2.5 ಗ್ರಾಂ. ನೆರೆನೀರು ನುಗ್ಗಿದ ಬಾವಿಗೆ, ಹತ್ತಿರದಲ್ಲಿ ಕಾಮಾಲೆ, ವಾಂತಿಭೇದಿ ಇದ್ದರೆ 5 ಗ್ರಾಂ. ಬಾವಿಯ ವ್ಯಾಸ 2 ಮೀಟರ್, ನೀರಿನ ಆಳ 3 ಮೀಟರ್ ಅಂತ ಇಟ್ಟುಕೊಳ್ಳಿ. 3.14 × 1 × 1 × 3 = 9.42 ಘನ ಮೀಟರ್, ಅಂದರೆ ಸುಮಾರು 9,400 ಲೀಟರ್. 2.5 ಗ್ರಾಮಿನ ಲೆಕ್ಕದಲ್ಲಿ ಸುಮಾರು 24 ಗ್ರಾಂ ಬೇಕು.

ಪೌಡರನ್ನು ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿಸಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟಿಗೆ ಬಸಿದು, ಹಗ್ಗ ಕಟ್ಟಿ ಬಾವಿಗೆ ಇಳಿಸಿ, ನೀರಿನೊಳಗೆ ಮೇಲೆ ಕೆಳಗೆ ಆಡಿಸಿ ಬೆರೆಸಿ. ಒಂದು ಗಂಟೆ ಯಾರೂ ನೀರು ಸೇದಬಾರದು. ರಾತ್ರಿ ಹಾಕಿ ಬೆಳಗ್ಗೆ ಬಳಸಿದರೆ ವಾಸನೆಯೂ ಕಡಿಮೆ ಇರುತ್ತದೆ. ಹಳೆಯ, ಗಾಳಿಯಾಡಿದ ಪೌಡರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ.

ಇದು ಇವತ್ತಿನ ಮಟ್ಟಿಗೆ. ಕೊಳೆ ಬರುವ ದಾರಿ ಮುಚ್ಚದಿದ್ದರೆ ಮುಂದಿನ ಮಳೆಗೆ ಮತ್ತೆ ಅದೇ. ಬಾವಿಕಟ್ಟೆ ಎತ್ತರಿಸಿ, ಸುತ್ತ ಸಿಮೆಂಟು ಹಾಕಿ, ಮಳೆನೀರು ಹೊರಕ್ಕೆ ಹರಿಯುವ ಹಾಗೆ ಮಾಡಿ, ಗುಂಡಿ ಸ್ಥಳ ಬದಲಾಯಿಸಿ.

ಕಾಯಿಸಿ ಕುಡಿದರೆ ಎಲ್ಲ ಹೋಗುತ್ತದಲ್ವಾ?

ಬ್ಯಾಕ್ಟೀರಿಯಾ ಸಾಯುತ್ತದೆ. ನೈಟ್ರೇಟ್, ಲೋಹ, ಉಪ್ಪು ಹೋಗುವುದಿಲ್ಲ. ನೀರು ಆವಿಯಾಗುವುದರಿಂದ ಅವು ಇನ್ನಷ್ಟು ದಟ್ಟ ಆಗುತ್ತವೆ.

ಬಾವಿ ಬೇಡ, ಬೋರ್ ಹೊಡೆಸಿದರೆ ಸುರಕ್ಷಿತ ಅಲ್ವಾ?

ಬ್ಯಾಕ್ಟೀರಿಯಾದ ಮಟ್ಟಿಗೆ ಒಳ್ಳೆಯದಿರಬಹುದು, ಅದೂ ಮೇಲಿನ ಕೇಸಿಂಗ್ ಪೈಪ್ ಬಂಡೆಯ ತನಕ ಗಟ್ಟಿಯಾಗಿ ಕೂತಿದ್ದರೆ ಮಾತ್ರ. ಇಲ್ಲದಿದ್ದರೆ ಮೇಲಿನ ಕೊಳೆ ಪೈಪಿನ ಹೊರಬದಿಯಿಂದ ನೇರ ಕೆಳಗೆ ಹೋಗುತ್ತದೆ. ಬಂಡೆಯ ಬಿರುಕಿನ ನೀರು ಎಲ್ಲಿಂದ ಬರುತ್ತದೆ ಅಂತ ಹೇಳುವುದೂ ಕಷ್ಟ. ಒಮ್ಮೆ ಕೆಟ್ಟರೆ ತೆರೆದ ಬಾವಿಯ ಹಾಗೆ ಕೆಸರು ತೆಗೆದು, ಒಂದು ಮಳೆಗಾಲದಲ್ಲಿ ಸರಿ ಮಾಡಲು ಆಗುವುದಿಲ್ಲ. ಉಪ್ಪಳ, ಮಂಜೇಶ್ವರ, ಕುಂಬಳೆಯ ಕಡಲ ಬದಿಯಲ್ಲಿ ಬೋರ್ ಎಳೆದಷ್ಟೂ ಉಪ್ಪು ನೀರು ಒಳಗೆ ಬರುವ ಅಪಾಯ ಇದೆ. ಅಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ದಾಟುತ್ತಿದೆಯಾ ಅಂತ ಬೇಸಗೆಯಲ್ಲಿ ತಪ್ಪದೆ ನೋಡಿ.

ಪಕ್ಕದ ಹಳೆ ಕಲ್ಲಿನ ಕೋರೆಯಲ್ಲಿ ರಾತ್ರಿ ಲಾರಿಯಲ್ಲಿ ಕಸ ತಂದು ಹಾಕುತ್ತಾರೆ. ಏನು ಮಾಡುವುದು?

ಇದು ನಮ್ಮ ಊರುಗಳ ದೊಡ್ಡ ಸಂಕಟ. ಕಲ್ಲು ಕಡಿದ ಮೇಲೆ ಆ ಗುಂಡಿಯಲ್ಲಿ ಮೇಲಿನ ಮಣ್ಣೂ ಇಲ್ಲ, ಗಟ್ಟಿ ಪದರವೂ ಇಲ್ಲ. ಅಲ್ಲಿ ಬಿದ್ದ ಕಸದ ರಸ ನೀರಿನ ಮಟ್ಟಕ್ಕೆ ತುಂಬಾ ಹತ್ತಿರ ಇರುತ್ತದೆ. ತಾರೀಕು ಕಾಣುವ ಫೋಟೊ ತೆಗೆಯಿರಿ, ಪಂಚಾಯತ್ ಕಾರ್ಯದರ್ಶಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ ಬರೆದು ಕೊಟ್ಟು ರಶೀದಿ ತೆಗೆದುಕೊಳ್ಳಿ. ಅದೇ ವಾರ ಕೋರೆಗೆ ಹತ್ತಿರದ ಬಾವಿಯ ನೀರು ಟೆಸ್ಟ್ ಮಾಡಿಸಿಡಿ. ಮುಂದೆ ನೀರು ಕೆಟ್ಟರೆ ಮೊದಲು ಹೇಗಿತ್ತು ಅನ್ನುವುದಕ್ಕೆ ಆ ಕಾಗದವೇ ಆಧಾರ.

ಟೆಸ್ಟ್ ಎಲ್ಲಿ ಮಾಡಿಸುವುದು? ನಮಗೆ ಮಲಯಾಳ ಓದಲು ಬರುವುದಿಲ್ಲ.

ಬೆಳೆಯ ಮಣ್ಣಿಗೆ ನಿಮ್ಮ ಕೃಷಿ ಭವನ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಯಲ್ಲಿಯೂ ವಿಚಾರಿಸಬಹುದು. ಕುಡಿಯುವ ನೀರಿಗೆ ಕೇರಳ ವಾಟರ್ ಅಥಾರಿಟಿಯ ಲ್ಯಾಬ್. ಕೀಟನಾಶಕ, ಭಾರಲೋಹಕ್ಕೆ ಲ್ಯಾಬುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿಯ (ಎನ್‌ಎಬಿಎಲ್) ಮಾನ್ಯತೆ ಇರುವ ಲ್ಯಾಬೇ ಆಗಬೇಕು. ಮಾನ್ಯತೆ ಇಡೀ ಲ್ಯಾಬಿಗೆ ಸಿಗುವುದಲ್ಲ, ಒಂದೊಂದು ಟೆಸ್ಟಿಗೆ ಸಿಗುವುದು. ನಿಮಗೆ ಬೇಕಾದ ಟೆಸ್ಟ್ ಆ ಪಟ್ಟಿಯಲ್ಲಿದೆಯಾ ಅಂತ ಕೇಳಿ.

ಭಾಷೆಯ ವಿಷಯದಲ್ಲಿ ಹಿಂಜರಿಯಬೇಡಿ. 1969ರ ಕೇರಳ ಅಧಿಕೃತ ಭಾಷಾ ಕಾನೂನಿನಲ್ಲಿ ಕನ್ನಡ ಅಲ್ಪಸಂಖ್ಯಾತರು ಇಲ್ಲಿನ ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲೇ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ದೂರು, ಮಾಹಿತಿ ಹಕ್ಕಿನ ಅರ್ಜಿ ಕನ್ನಡದಲ್ಲಿ ಬರೆಯಿರಿ. ಲ್ಯಾಬ್ ರಿಪೋರ್ಟ್ ಇಂಗ್ಲಿಷಿನಲ್ಲಿ ಇರುತ್ತದೆ. ಅಂಕಿಯ ಪಕ್ಕದಲ್ಲಿ ಮಿಲಿಗ್ರಾಂ ಇದೆಯೋ ಮೈಕ್ರೋಗ್ರಾಂ ಇದೆಯೋ ಅಂತ ಶಾಲೆಗೆ ಹೋಗುವ ಮಕ್ಕಳ ಹತ್ತಿರ ಓದಿಸಿ ನೋಡಿ, ಎರಡರ ನಡುವೆ ಸಾವಿರ ಪಟ್ಟು ವ್ಯತ್ಯಾಸ ಇದೆ.

ನಮ್ಮ ಬಾವಿಯಲ್ಲಿ ತೊಂದರೆ ಸಿಕ್ಕಿತು. ನೆರೆಯವರಿಗೆ ಹೇಳಬೇಕಾ? ಜಾಗದ ಬೆಲೆ ಇಳಿಯುತ್ತದಲ್ವಾ?

ಹೇಳಲೇಬೇಕು. ನಿಮ್ಮ ಬಾವಿಗೆ ಬಂದದ್ದು ಅಲ್ಲಿಗೇ ನಿಲ್ಲುವುದಿಲ್ಲ, ಇಳಿಜಾರಿನಲ್ಲಿ ಮುಂದಿನ ಮನೆಯ ಬಾವಿಗೆ ಹೋಗುತ್ತದೆ. ಆ ಮನೆಯಲ್ಲಿ ಬಸುರಿ ಹೆಂಗಸೋ ಎಳೆ ಮಗುವೋ ಇರಬಹುದು. ತಗ್ಗಿನ ಕಡೆಯ ಮನೆಗಳಿಗೆ ಅದೇ ದಿನ ಹೋಗಿ ಹೇಳಿ, ರಿಪೋರ್ಟಿನ ಒಂದು ಪ್ರತಿ ಕೊಡಿ. ಮೇಲ್ಗಡೆಯವರ ಜೊತೆ ಜಗಳಕ್ಕೆ ಇಳಿಯಬೇಡಿ. ಎಷ್ಟೋ ಸಲ ಅವರಿಗೆ ಗೊತ್ತೇ ಇರುವುದಿಲ್ಲ, ಒಡೆದ ಗುಂಡಿಯೋ ಸೋರುವ ಸ್ಲರಿ ಪೈಪೋ ಆಗಿರುತ್ತದೆ. ನಾಲ್ಕೈದು ಮನೆಯವರು ಸೇರಿ ಒಂದೇ ದಿನ ಸ್ಯಾಂಪಲ್ ತೆಗೆದು ಕಳಿಸಿದರೆ ಕೊಳೆ ಎಲ್ಲಿಂದ ಶುರುವಾಗುತ್ತದೆ ಅಂತ ಅಂಕಿಗಳಲ್ಲೇ ಕಾಣುತ್ತದೆ. ಗಾಡಿ ಖರ್ಚೂ ಹಂಚಿ ಹೋಗುತ್ತದೆ. ವಾರ್ಡ್ ಮೆಂಬರನ್ನು ಆ ದಿನ ಜೊತೆಗೆ ಕರೆದುಕೊಂಡು ಹೋಗಿ, ಯಾವ ಬಾಟಲಿ ಯಾವ ಬಾವಿಯದ್ದು ಅಂತ ಅವರ ಎದುರಲ್ಲೇ ಬರೆದು ಅಂಟಿಸಿ.